ಆ ಚಿತ್ರದಲ್ಲಿರುವುದು ಕೆಲಗೇರಿಯ ಪಾತರಗಿತ್ತಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯ ಮಕ್ಕಳ ಪುಟದಲ್ಲಿ ಒಂದು ಪಾತರಗಿತ್ತಿಯ ಬಣ್ಣದ ಚಿತ್ರ ದೊಡ್ಡದಾಗಿ ಅಚ್ಚಾಗಿದೆ. ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಎಕ್ಕೆ ಗಿಡಗಳ ಸುತ್ತ ಹಾರಾಡುವ ನಮ್ಮೂರ ಚೆಲುವೆ ಎಂದು ಕೆಳಗೆ ಬರೆದಿದ್ದೀರಿ. ಎಕ್ಕೆ ಸರಿ, ಕೆರೆ ಸರಿ, ದಂಡೆಯೂ ಸರಿ. ಚೆಲುವೆ ಮಾತ್ರ ನಮ್ಮೂರವಳಲ್ಲ. ಅದು ಅಮೆರಿಕದ ಮೊನಾರ್ಕ್. ಕೆಲಗೇರಿಯಲ್ಲಿ ಎಕ್ಕೆಯನ್ನು ಸುತ್ತುವುದು ಅದರ ದಾಯಾದಿ. ಪುಸ್ತಕಗಳಲ್ಲಿ ಅದರ ಹೆಸರು ಪ್ಲೇನ್ ಟೈಗರ್. ನಮ್ಮ ಮನೆಯಲ್ಲಿ ಅದು ಎಕ್ಕೆ ಪಾತರಗಿತ್ತಿ, ಅಷ್ಟೇ.

ನಾನು ಕೀಟಶಾಸ್ತ್ರ ಓದಿದವಳಲ್ಲ. ಮಾಳಮಡ್ಡಿಯಲ್ಲಿ 38 ವರ್ಷಗಳಿಂದ ಕುಪ್ಪಸ ಹೊಲಿಯುತ್ತಿದ್ದೇನೆ. ಹೊಲಿಯುವವರ ಕಣ್ಣು ಬಣ್ಣಕ್ಕಿಂತ ಮೊದಲು ಅಂಚಿಗೆ ಹೋಗುತ್ತದೆ. ನಿಮ್ಮ ಚಿತ್ರದಲ್ಲಿ ರೆಕ್ಕೆಯ ತುಂಬ ಕಪ್ಪು ನರಗಳು ಎದ್ದು ಕಾಣುತ್ತಿವೆ. ಕಿತ್ತಳೆ ಬಟ್ಟೆಯ ತುಂಡುಗಳನ್ನು ಕಪ್ಪು ಪೈಪಿಂಗ್ ಕೊಟ್ಟು ಒಂದಕ್ಕೊಂದು ಕೂಡಿಸಿದಂತಿದೆ. ನಮ್ಮದರ ಮೇಲ್ಮೈಯಲ್ಲಿ ಆ ಪೈಪಿಂಗ್ ಇಲ್ಲ. ಕಾವಿಗೂ ಕಿತ್ತಳೆಗೂ ನಡುವಿನ ಬಣ್ಣದ ಸಾದಾ ಬಟ್ಟೆ, ಸುತ್ತ ಕಪ್ಪು ಅಂಚು, ಅಂಚಿನೊಳಗೆ ಬಿಳಿ ಚುಕ್ಕಿ. ಮುಂದಿನ ರೆಕ್ಕೆಯ ತುದಿ ಕಪ್ಪು. ಅದರ ಮೇಲೆ ಓರೆಯಾಗಿ ಒಂದು ಬಿಳಿ ಪಟ್ಟಿ. ಹಿಂದಿನ ರೆಕ್ಕೆಯಲ್ಲಿ, ಗುಂಡಿ ಹಚ್ಚಲು ಗುರುತು ಮಾಡಿಟ್ಟಂತೆ ಕೆಲವು ಕಪ್ಪು ಚುಕ್ಕಿಗಳಿರುತ್ತವೆ. ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು. ಮೊನಾರ್ಕ್‌ನಲ್ಲಿ ಗಂಡಿಗೆ ಮಾತ್ರ ಹಿಂದಿನ ಒಂದೊಂದು ರೆಕ್ಕೆಯ ಮೇಲೆ ಒಂದೊಂದು ಚುಕ್ಕಿ. ಅಳತೆಯಲ್ಲಿಯೂ ವ್ಯತ್ಯಾಸವಿದೆ. ರೆಕ್ಕೆ ಬಿಚ್ಚಿದಾಗ ಮೊನಾರ್ಕ್ ಸುಮಾರು 10 ಸೆಂಟಿಮೀಟರ್, ನಮ್ಮದು 7ರಿಂದ 8. ನನ್ನ ಟೇಪಿನಲ್ಲಿ ಹೇಳುವುದಾದರೆ ಅದು ನಾಲ್ಕು ಇಂಚು, ಇದು ಮೂರು. ಒಂದು ಇಂಚು ಹೆಚ್ಚುಕಡಿಮೆಯಾದರೆ ನನ್ನ ಗಿರಾಕಿಗಳು ಕುಪ್ಪಸವನ್ನು ಮುಖದ ಮೇಲೆ ಎಸೆದು ಹೋಗುತ್ತಾರೆ.

ಇಷ್ಟು ಜೋರಾಗಿ ಹೇಳುವವಳು ಇನ್ನೊಂದನ್ನೂ ಒಪ್ಪಿಕೊಂಡುಬಿಡಬೇಕು. ಇದೇ ತಪ್ಪನ್ನು ನಿಮಗಿಂತ ಮೊದಲು ನಾನೇ ಮಾಡಿದ್ದೆ.

2018ರಲ್ಲಿ ಮಗಳ ಬಾಣಂತನಕ್ಕೆಂದು ಟೆಕ್ಸಾಸ್ ರಾಜ್ಯದ ಆಸ್ಟಿನ್ ಊರಿಗೆ ಹೋಗಿದ್ದೆ. ಆರು ತಿಂಗಳು. ಅಲ್ಲಿ ರಸ್ತೆಯಲ್ಲಿ ಮನುಷ್ಯರೇ ಕಾಣುವುದಿಲ್ಲ, ಬರೀ ಕಾರು. ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ದಿನವೂ ಹತ್ತಿರದ ಉದ್ಯಾನಕ್ಕೆ ಹೋಗುತ್ತಿದ್ದೆ. ಅಕ್ಟೋಬರಿನ ಒಂದು ಮುಂಜಾನೆ ಗಿಡದ ಮೇಲೆ ಕಿತ್ತಳೆ ಬಣ್ಣದ್ದೊಂದು ಕುಳಿತಿತ್ತು. ಅಷ್ಟು ದೂರದ ಊರಿನ ಸಂತೆಯಲ್ಲಿ ನಮ್ಮ ಓಣಿಯವರು ಯಾರೋ ಸಿಕ್ಕಿದಂತಾಯಿತು. ಮಗಳಿಗೆ ಫೋನು ಮಾಡಿ, “ನಮ್ಮ ಎಕ್ಕೆ ಪಾತರಗಿತ್ತಿ ಇಲ್ಲಿಯೂ ಇದೆ ನೋಡೇ” ಎಂದು ಕೂಗಿಯೇಬಿಟ್ಟೆ. ಅವಳು ನಕ್ಕಳು. “ಅವ್ವಾ, ಅದು ಮೊನಾರ್ಕ್. ಈ ರಾಜ್ಯದ ರಾಜ್ಯಕೀಟವೇ ಅದು. ಇಲ್ಲಿ ಎಕ್ಕೆ ಎಲ್ಲಿಂದ ಬರಬೇಕು?”

ಎಲ್ಲಿಂದ ಬರಬೇಕು ಎಂದರೆ? ನಾನು ಆ ಗಿಡದ ಒಂದು ಎಲೆ ಮುರಿದೆ. ಬೆಳ್ಳಗೆ ಹಾಲು ಬಂತು. ಪಕ್ಕದ ಟೊಂಗೆಯಲ್ಲಿ ಒಣಗಿದ ಕಾಯಿಯೊಂದು ಸೀಳಿಕೊಂಡು, ಒಳಗಿನ ಬೀಜಗಳು ರೇಷ್ಮೆಯಂಥ ಅರಳೆಯನ್ನು ಹೊತ್ತು ಗಾಳಿಗೆ ಏಳುತ್ತಿದ್ದವು. ಎಲೆ ಸಣ್ಣದು, ಗಿಡ ಕುಳ್ಳು, ಆದರೆ ಲಕ್ಷಣವೆಲ್ಲ ಎಕ್ಕೆಯದೇ. ಆಮೇಲೆ ತಿಳಿಯಿತು, ಮಿಲ್ಕ್‌ವೀಡ್ ಎಂಬ ಆ ಗಿಡ ಎಕ್ಕೆಯ ಕುಟುಂಬದ್ದೇ. ಪಾತರಗಿತ್ತಿಯ ಹೆಸರು ತಪ್ಪಿದ್ದೆ. ಗಿಡದ ಕುಲವನ್ನಂತೂ ಸರಿಯಾಗಿ ಹಿಡಿದಿದ್ದೆ.

ಈ ಎರಡು ಪಾತರಗಿತ್ತಿಗಳು ಅಕ್ಕತಂಗಿಯರಂತೆ ಕಾಣುವುದಕ್ಕೂ ಈ ಹಾಲಿಗೂ ಸಂಬಂಧವಿದೆ. ಎರಡೂ ಒಂದೇ ಕುಲ, ಡಾನಸ್. ಎರಡರ ಹುಳಗಳೂ ಹಾಲುಗಿಡಗಳ ಎಲೆ ತಿಂದೇ ಬೆಳೆಯುತ್ತವೆ. ಆ ಹಾಲಿನಲ್ಲಿ ಗುಂಡಿಗೆಯ ಬಡಿತವನ್ನೇ ಏರುಪೇರು ಮಾಡುವ ವಿಷವಿದೆ. ಹುಳ ಅದನ್ನು ಅರಗಿಸಿಕೊಂಡು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ರೆಕ್ಕೆ ಬಂದ ಮೇಲೂ ವಿಷ ಮೈಯಲ್ಲೇ ಉಳಿಯುತ್ತದೆ. ಅಮೆರಿಕದಲ್ಲಿ ಬ್ಲೂ ಜೇ ಎಂಬ ಹಕ್ಕಿಗೆ ಮೊನಾರ್ಕ್ ತಿನ್ನಿಸಿ ನೋಡಿದ್ದಾರೆ. ಹಕ್ಕಿ ಗಳಿಗೆಯೊಳಗೆ ವಾಂತಿ ಮಾಡಿಕೊಂಡಿತು, ಮತ್ತೆ ಆ ಬಣ್ಣದ ತಂಟೆಗೆ ಹೋಗಲಿಲ್ಲ. ಅದಕ್ಕೇ ಇವೆರಡೂ ಬಚ್ಚಿಟ್ಟುಕೊಳ್ಳುವುದಿಲ್ಲ, ಅವಸರವನ್ನೂ ಮಾಡುವುದಿಲ್ಲ. ನಮ್ಮದಂತೂ ಕೈಯಲ್ಲಿ ಸಿಕ್ಕರೆ ಸತ್ತಂತೆ ಬಿದ್ದುಕೊಂಡು, ಬಿಟ್ಟೊಡನೆ ಎದ್ದು ಹಾರುತ್ತದೆ.

ಊರಿಗೆ ಮರಳಿದ ಮೇಲೆ ಹಿತ್ತಲಿನ ಎಕ್ಕೆಯನ್ನು ನಾನು ಮೊದಲ ಬಾರಿಗೆ ಬಗ್ಗಿ ನೋಡಿದೆ. ನಾಚಿಕೆಯಾಗುವ ಮಾತು. ಅರವತ್ತು ವರ್ಷ ಅದೇ ಗಿಡದ ಪಕ್ಕದಲ್ಲಿ ಬಟ್ಟೆ ಒಣಗಿಸಿದವಳು ನಾನು. ರಥಸಪ್ತಮಿಯ ದಿನ ಏಳು ಎಲೆಗಳನ್ನು ತಲೆ, ಭುಜದ ಮೇಲೆ ಇಟ್ಟುಕೊಂಡು ಸ್ನಾನ ಮಾಡಿದ್ದೇನೆ. ಶನಿವಾರಗಳಂದು ನುಗ್ಗಿಕೇರಿ ಹನುಮಪ್ಪನಿಗೆ ಎಕ್ಕೆಯ ಮಾಲೆ ಕಟ್ಟಿಕೊಂಡು ಹೋಗಿದ್ದೇನೆ. ಮಾಲೆಯಲ್ಲಿ ಹುಳ ಕಂಡರೆ ಕಿತ್ತು ಎಸೆದಿದ್ದೇನೆ. ಎಲೆಯ ಅಡಿಯಲ್ಲಿ ಸೂಜಿಯ ತಲೆಯಷ್ಟು ಬೆಳ್ಳನೆಯ ಮೊಟ್ಟೆ ಇರುತ್ತದೆ ಎಂದು ತಿಳಿಯಲು ಅಮೆರಿಕಕ್ಕೆ ಹೋಗಿ ಬರಬೇಕಾಯಿತು.

ಒಂದು ಎಲೆಗೆ ಒಂದೇ ಮೊಟ್ಟೆ. ಮೂರು ನಾಲ್ಕು ದಿನಕ್ಕೆ ಹುಳ ಹೊರಬಂದು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ನಂತರ ಅದು ಎಲೆ ತಿನ್ನುವ ಹಿಕಮತ್ತು ನೋಡಬೇಕು. ಎಕ್ಕೆಯ ಹಾಲು ಅಂಟಿನಂತೆ. ನೇರವಾಗಿ ಬಾಯಿ ಹಾಕಿದರೆ ಸಣ್ಣ ಹುಳದ ಬಾಯಿಯೇ ಮೆತ್ತಿಕೊಳ್ಳುತ್ತದೆ. ಹಾಗಾಗಿ ಅದು ಮೊದಲು ಎಲೆಯ ನರವನ್ನು ಕಚ್ಚಿ ಸೀಳಿ ಹಾಲನ್ನು ಅಲ್ಲಿಯೇ ಹರಿಯಬಿಡುತ್ತದೆ. ಮುಂದಿನ ಭಾಗಕ್ಕೆ ಹಾಲು ಬರುವುದು ನಿಂತ ಮೇಲೆ ನಿಶ್ಚಿಂತೆಯಿಂದ ಊಟಕ್ಕೆ ಕೂರುತ್ತದೆ. ಮೊನಾರ್ಕ್ ಹುಳವೂ ಇದನ್ನೇ ಮಾಡುತ್ತದೆ. ನಲ್ಲಿ ಬಂದ್ ಮಾಡಿ ರಿಪೇರಿಗೆ ಇಳಿಯುವವರ ಬುದ್ಧಿ ಎರಡು ಖಂಡಗಳಲ್ಲಿಯೂ ಒಂದೇ.

ಹುಳಗಳೂ ಮೇಲ್ನೋಟಕ್ಕೆ ಒಂದೇ ಥಾನಿನಿಂದ ಕತ್ತರಿಸಿದಂತಿವೆ: ಕಪ್ಪು, ಬಿಳಿ, ಹಳದಿ ಪಟ್ಟೆ. ಗುರುತು ಹಿಡಿಯುವುದು ಕೊಂಬಿನಿಂದ. ಕೊಂಬೆಂದರೆ ಮೆತ್ತನೆಯ ಕಪ್ಪು ಎಳೆಗಳು. ಮೊನಾರ್ಕ್‌ಗೆ ತಲೆಯ ಹಿಂದೆ ಒಂದು ಜೊತೆ, ಬಾಲದ ಕಡೆ ಒಂದು ಜೊತೆ, ಒಟ್ಟು ನಾಲ್ಕು. ನಮ್ಮದಕ್ಕೆ ನಡುಬೆನ್ನಿನಲ್ಲಿ ಇನ್ನೊಂದು ಜೊತೆ. ಆರು. ಮಕ್ಕಳ ಪುಟದಲ್ಲಿ ಹಾಕಬೇಕಾದದ್ದು ಇಂಥದ್ದು. ಚೆಲುವೆ ಗಿಲುವೆ ಎಂದು ಬರೆದರೆ ಮಗು ಏನು ಎಣಿಸೀತು?

ಇನ್ನು ಗಿಡಗಳ ಕಥೆ. ಕಿತ್ತಳೆ ಕೆಂಪು ಹೂಗೊಂಚಲಿನ ಒಂದು ಹಾಲುಗಿಡ ನಮ್ಮಲ್ಲಿ ತೋಟಗಳಲ್ಲಿಯೂ ಕೆಲವೆಡೆ ನೀರಿನ ಬದಿಯಲ್ಲಿಯೂ ಬೆಳೆಯುತ್ತದೆ. ಅದು ಮೂಲತಃ ಅಮೆರಿಕದ ಉಷ್ಣವಲಯದ್ದು, ಮೊನಾರ್ಕ್‌ನ ತವರಿನ ಗಿಡ. ಇಲ್ಲಿಗೆ ಬಂದ ಮೇಲೆ ನಮ್ಮ ಪಾತರಗಿತ್ತಿ ಅದರ ಮೇಲೆಯೂ ಮೊಟ್ಟೆ ಇಡುತ್ತದೆ. ಇತ್ತ ನಮ್ಮ ಎಕ್ಕೆ ಹವಾಯಿ ದ್ವೀಪಗಳಿಗೆ ಹೋಗಿದೆ. ಮೊನಾರ್ಕ್ ಕೂಡ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಹೋಗಿ ನೆಲೆಸಿತು. ಈಗ ಹವಾಯಿಯಲ್ಲಿ ಮೊನಾರ್ಕ್ ಹುಳಗಳು ನಮ್ಮ ಎಕ್ಕೆಯ ಎಲೆಯನ್ನೇ ತಿಂದು ಬೆಳೆಯುತ್ತವೆ. ಅಲ್ಲಿಯ ಜನ ಎಕ್ಕೆಯ ಹೂವನ್ನು ಪೋಣಿಸಿ ಕೊರಳಿಗೆ ಮಾಲೆ ಹಾಕಿಕೊಳ್ಳುತ್ತಾರೆ ಎಂದು ಓದಿದಾಗ, ನುಗ್ಗಿಕೇರಿಯ ಹಾದಿಯಲ್ಲಿ ಮಾಲೆ ಕಟ್ಟುವ ಹೆಂಗಸರಿಗೆ ಇದನ್ನು ಹೇಳಬೇಕೆನ್ನಿಸಿತು. ಹೇಳಿದೆ ಕೂಡ. “ಅಲ್ಲಿ ಮಾಲೆಗೆ ಎಷ್ಟು ಕೊಡುತ್ತಾರೆ, ಅವ್ವ?” ಎಂದು ಕೇಳಿದರು. ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧದ ಹಾಗೆ ಆ ಕಡೆಯ ಗಿಡ ಈ ಕಡೆಗೆ, ಈ ಕಡೆಯದು ಆ ಕಡೆಗೆ. ಬೀಗರಂತಾದ ಮೇಲೆ ಮುಖ ಗುರುತಿಸದಿದ್ದರೆ ಹೇಗೆ?

ಆದರೆ ಬಾಳುವೆಯ ರೀತಿ ಬೇರೆ. ನಮ್ಮದು ಇರುವಲ್ಲಿಯೇ ಇರುತ್ತದೆ. ಆಫ್ರಿಕಾದಿಂದ ಏಷ್ಯಾದ ಉದ್ದಕ್ಕೂ ಎಕ್ಕೆಯಂಥ ಗಿಡವಿರುವ ಕಡೆಯಲ್ಲೆಲ್ಲ ಇದು ಇದೆ. ನಮ್ಮ ಭಾಗದಲ್ಲಿ ವರ್ಷದ ಯಾವ ತಿಂಗಳಿನಲ್ಲಿಯೂ ಕಾಣಸಿಗುತ್ತದೆ. ಮಳೆಗಾಲದ ಹಿಂದೆ ಮುಂದೆ ಘಟ್ಟಕ್ಕೂ ಬಯಲಿಗೂ ನಡುವೆ ಗುಂಪು ಗುಂಪಾಗಿ ಓಡಾಡುವವು ಇದರ ಸಂಬಂಧಿಕರಾದ ನೀಲಿ ಹುಲಿ, ಕಾಗೆ ಪಾತರಗಿತ್ತಿಗಳು.

ಮೊನಾರ್ಕ್‌ನದು ತಿರುಗಾಟದ ಬಾಳು. ನಾನು ಆಸ್ಟಿನ್‌ನಲ್ಲಿ ಕಂಡದ್ದು ಕೆನಡಾ ಕಡೆಯಿಂದ ಹೊರಟು ಮೆಕ್ಸಿಕೊಗೆ ಹೋಗುತ್ತಿದ್ದ ಗುಂಪು. ಒಂದು ಸಂಜೆ ಪೆಕಾನ್ ಮರವೊಂದರ ಟೊಂಗೆಗಳಿಗೆ ಒಣ ಎಲೆಗಳು ಜೋತುಬಿದ್ದಂತೆ ಕಂಡಿತು; ಮರುದಿನ ಬಿಸಿಲು ತಾಗುತ್ತಲೂ ಆ ಎಲೆಗಳೆಲ್ಲ ರೆಕ್ಕೆ ಬಿಚ್ಚಿದವು. ನಾನು ಕೂಸಿನ ಗಾಡಿಯನ್ನೂ ಮರೆತು ನಿಂತಿದ್ದೆ. ಅರ್ಧ ಗ್ರಾಂ ತೂಗುವ ಜೀವ 4,000 ಕಿಲೋಮೀಟರ್ ಹಾರುತ್ತದೆ. ಅದೂ ಯಾವುದು ಹಾರುತ್ತದೆ? ವಸಂತದಲ್ಲಿ ಮೆಕ್ಸಿಕೊ ಬಿಟ್ಟು ಹೊರಟವು ಟೆಕ್ಸಾಸಿನ ಸುತ್ತಮುತ್ತ ಮೊಟ್ಟೆಯಿಟ್ಟು ಸಾಯುತ್ತವೆ. ಮಕ್ಕಳು, ಮೊಮ್ಮಕ್ಕಳು ಉತ್ತರಕ್ಕೆ ಸಾಗುತ್ತವೆ. ಬೇಸಿಗೆಯ ಆ ತಲೆಮಾರುಗಳ ಆಯುಷ್ಯ ಕೆಲವೇ ವಾರ. ಶರತ್ಕಾಲದಲ್ಲಿ ಹುಟ್ಟುವ ಮರಿಮಕ್ಕಳಿಗೆ ಮಾತ್ರ ಎಂಟು ತಿಂಗಳ ಆಯುಷ್ಯ. ತಾವು ಎಂದೂ ನೋಡದ, ಅಜ್ಜಿ ಮುತ್ತಜ್ಜಿಯರು ಬಿಟ್ಟುಬಂದ ಬೆಟ್ಟಕ್ಕೆ ಅವು ಮರಳುತ್ತವೆ. ಸೂರ್ಯನ ದಿಕ್ಕು ನೋಡಿಕೊಂಡು, ಹೊತ್ತಿನ ಲೆಕ್ಕವನ್ನು ಮೀಸೆಯೊಳಗೆ ಇಟ್ಟುಕೊಂಡು ದಾರಿ ಹಿಡಿಯುತ್ತವೆಯಂತೆ.

ಆ ಬೆಟ್ಟ ಎಲ್ಲಿದೆ ಎಂದು ಕೆನಡಾದ ಫ್ರೆಡ್ ಉರ್ಕ್‌ಹಾರ್ಟ್ ಎಂಬ ವಿಜ್ಞಾನಿ ದಶಕಗಟ್ಟಲೆ ರೆಕ್ಕೆಗಳಿಗೆ ಚೀಟಿ ಅಂಟಿಸಿ ಹುಡುಕಿದರು. 1975ರ ಜನವರಿಯಲ್ಲಿ ಅವರಿಗಾಗಿ ಹುಡುಕುತ್ತಿದ್ದ ಕೆನ್ ಬ್ರಗರ್ ಮತ್ತು ಕ್ಯಾಟಲಿನಾ ಅಗ್ವಾಡೊ ಮಧ್ಯ ಮೆಕ್ಸಿಕೊದ ಬೆಟ್ಟಗಳಲ್ಲಿ, ಸುಮಾರು 3,000 ಮೀಟರ್ ಎತ್ತರದ ಕಾಡಿನಲ್ಲಿ, ಮರದ ತೊಗಟೆಯೇ ಕಾಣದಂತೆ ಕುಳಿತ ಲಕ್ಷಾಂತರ ಮೊನಾರ್ಕ್‌ಗಳನ್ನು ಕಂಡರು. ಕೆಳಗಿನ ಹಳ್ಳಿಗಳವರಿಗೆ ಅದು ಹೊಸದೇನಲ್ಲ. ನವೆಂಬರ್ ಮೊದಲಿನಲ್ಲಿ ಸತ್ತವರ ಹಬ್ಬದ ಹೊತ್ತಿಗೆ ಬರುವ ಇವು ತಮ್ಮ ಹಿರಿಯರ ಆತ್ಮಗಳೆಂದು ಅವರ ನಂಬಿಕೆ. ಪಕ್ಷಮಾಸದಲ್ಲಿ ಎಡೆ ಇಟ್ಟು ಕಾಗೆಯ ದಾರಿ ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಪಾತರಗಿತ್ತಿಗಳನ್ನು ಒಂದೊಂದಾಗಿ ಎಣಿಸುವುದಿಲ್ಲ, ಅವು ಕುಳಿತ ಕಾಡಿನ ಜಾಗ ಅಳೆಯುತ್ತಾರೆ. 1996–97ರ ಚಳಿಗಾಲದಲ್ಲಿ ಅದು ಸುಮಾರು 18 ಹೆಕ್ಟೇರ್, ಎಂದರೆ 45 ಎಕರೆ ಸಮೀಪ. 2013–14ರಲ್ಲಿ 0.67 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ 1 ಎಕರೆ 26 ಗುಂಟೆ. ಆಮೇಲೆ ಸ್ವಲ್ಪ ಚೇತರಿಸಿಕೊಳ್ಳುತ್ತ, ಮತ್ತೆ ಕುಗ್ಗುತ್ತ ನಡೆದಿದೆ. ಚಳಿಗಾಲದ ಕಾಡು ಕಡಿದದ್ದು ಒಂದು ಕಾರಣ. ಇನ್ನೊಂದು, ಅಮೆರಿಕದ ಸೋಯಾ ಮತ್ತು ಗೋವಿನಜೋಳದ ಹೊಲಗಳಲ್ಲಿ ಬೆಳೆಯನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಸುಡುವ ಕಳೆನಾಶಕ ಬಂದು, ಸಾಲುಗಳ ನಡುವೆ ಬೆಳೆಯುತ್ತಿದ್ದ ಮಿಲ್ಕ್‌ವೀಡ್ ಹೋಯಿತು. ಧಾರವಾಡ ಜಿಲ್ಲೆಯ ರೈತರೂ ಸೋಯಾ, ಗೋವಿನಜೋಳ ಬಿತ್ತುತ್ತಾರೆ. ಕಳೆನಾಶಕದ ಡಬ್ಬಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವರಿಗೂ ಗೊತ್ತು. ಆದರೂ ಸುಳ್ಳು ಹೆದರಿಕೆ ಹುಟ್ಟಿಸಬಾರದು. ನಮ್ಮ ಎಕ್ಕೆ ಪಾತರಗಿತ್ತಿಗೆ ಅಂಥ ಗಂಡಾಂತರ ಬಂದಿಲ್ಲ. ಬೇಕಾದಷ್ಟಿವೆ. ನನ್ನ ತಕರಾರು ಅದರ ಸಂಖ್ಯೆಯ ಬಗ್ಗೆ ಅಲ್ಲ, ಅದರ ಮುಖದ ಬಗ್ಗೆ.

ಮುಖ ಅದಲುಬದಲಾಗುವುದು ಹೊಸ ಸಂಗತಿಯೂ ಅಲ್ಲ. ನಮ್ಮಲ್ಲಿ ಇನ್ನೊಂದು ಪಾತರಗಿತ್ತಿ ಇದೆ, ಗೆರೆ ಹುಲಿ. ಅದಕ್ಕೆ ಕಪ್ಪು ನರಗಳಿವೆ, ಮೊನಾರ್ಕ್‌ಗೆ ಇನ್ನೂ ಹತ್ತಿರದ ಹೋಲಿಕೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನಿಯಸ್ ಕೊಟ್ಟ ಪ್ಲೆಕ್ಸಿಪಸ್ ಎಂಬ ಹೆಸರು ಯಾವುದಕ್ಕೆ ಸಲ್ಲಬೇಕೆಂಬ ಗೊಂದಲ ಬಹುಕಾಲ ನಡೆದು, ಈಗ ಅಮೆರಿಕದ ಮೊನಾರ್ಕ್‌ಗೆ ಸಲ್ಲುವ ಆ ಹೆಸರು ಹಳೆಯ ಪುಸ್ತಕಗಳಲ್ಲಿ ನಮ್ಮ ಗೆರೆ ಹುಲಿಯ ಮೇಲೆ ಕೂತಿದ್ದುಂಟು. ಪಂಡಿತರೇ ಎಡವಿದ ಜಾಗದಲ್ಲಿ ನಿಮ್ಮ ಉಪಸಂಪಾದಕರು ಎಡವಿದ್ದಾರೆ, ನಾನೂ ಎಡವಿದ್ದೇನೆ.

ಬೇಕೆಂದೇ ಮೋಸ ಮಾಡುವವರೂ ಇದ್ದಾರೆ. ಡನೈಡ್ ಎಗ್‌ಫ್ಲೈ ಎಂಬ ಇನ್ನೊಂದು ಪಾತರಗಿತ್ತಿಯಲ್ಲಿ ಗಂಡು ಕಡುಗಪ್ಪು, ಮೇಲೆ ದೊಡ್ಡ ಬಿಳಿ ಬೊಟ್ಟುಗಳು. ಹೆಣ್ಣು ಮಾತ್ರ ನಮ್ಮ ಎಕ್ಕೆ ಪಾತರಗಿತ್ತಿಯ ಸೀರೆಯನ್ನೇ ಉಟ್ಟಂತಿದೆ: ಅದೇ ಬಣ್ಣ, ಅದೇ ಅಂಚು, ತುದಿಯಲ್ಲಿ ಅದೇ ಬಿಳಿ ಪಟ್ಟಿ. ಮೈಯಲ್ಲಿ ವಿಷ ಇಲ್ಲ. ಅದರ ಹುಳ ನಾವು ಪಲ್ಯ ಮಾಡುವ ಗೋಳಿ ಸೊಪ್ಪು ತಿಂದು ಬೆಳೆಯುವಂಥದ್ದು. ಆದರೂ ಉಡುಗೆ ನೋಡಿ ಹಕ್ಕಿಗಳು ದೂರ ಸರಿಯುತ್ತವೆ. ಚಿತ್ರನಟಿಯ ಫೋಟೊ ತಂದು ಇದೇ ಮಾದರಿಯ ಕುಪ್ಪಸ ಹೊಲಿದುಕೊಡಿ ಎನ್ನುವ ಗಿರಾಕಿಗಳನ್ನು ನಾನು ದಿನವೂ ನೋಡುತ್ತೇನೆ. ಒಂದು ಕಡೆ ನಕಲು ಸಿಕ್ಕಿಬೀಳುತ್ತದೆ. ಹಿಂದಿನ ರೆಕ್ಕೆಯ ನಡುವಿನ ಆ ಮೂರು ಗುಂಡಿ ಚುಕ್ಕಿಗಳನ್ನು ಅದು ಹಚ್ಚಿಕೊಂಡಿಲ್ಲ.

ಈಜಿಪ್ಟಿನ ನೆಬಾಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆಯಲ್ಲಿ, ಜೊಂಡಿನ ನಡುವೆ ಹಕ್ಕಿ ಬೇಟೆಯಾಡುವ ಒಂದು ಚಿತ್ರವಿತ್ತು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಹಾರುತ್ತಿರುವುದು ನಮ್ಮ ಈ ಎಕ್ಕೆ ಪಾತರಗಿತ್ತಿಯೇ ಎಂದು ಬಲ್ಲವರು ಗುರುತಿಸಿದ್ದಾರೆ. ಸುಮಾರು 3,300 ವರ್ಷಗಳ ಹಿಂದಿನ ಆ ಚಿತ್ರಕಾರನ ಬಳಿ ಮೊಬೈಲ್ ಇರಲಿಲ್ಲ, ಹುಡುಕಿದ ಕೂಡಲೇ ಚಿತ್ರ ಸಿಗುವ ಅನುಕೂಲವೂ ಇರಲಿಲ್ಲ. ಹೊಳೆಯ ದಂಡೆಗೆ ಹೋಗಿ ನೋಡಿರಬೇಕು. ನಿಮ್ಮ ಕಚೇರಿಯಿಂದ ಕೆಲಗೇರಿ ಕೆರೆಗೆ ಬಸ್ಸಿದೆ.

ನನ್ನ ಕೋರಿಕೆ ಎರಡು. ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ. ಸರಿಯಾದ ಚಿತ್ರವನ್ನು ಅಷ್ಟೇ ದೊಡ್ಡದಾಗಿ ಹಾಕಿ, ಮೂಲೆಯಲ್ಲಿ ಅಂಚೆಚೀಟಿಯಷ್ಟಲ್ಲ. ಎರಡನೆಯದು ನಿಮಗಲ್ಲ, ಈ ಪತ್ರ ಓದುವ ಅಧಿಕಾರಿಗಳಿಗೆ. ಹೋದ ಮಾರ್ಚಿನಲ್ಲಿ ನಮ್ಮ ರಸ್ತೆಯ ಕೊನೆಯ ಖಾಲಿ ಜಾಗದಲ್ಲಿದ್ದ ಎಕ್ಕೆಯ ಸಾಲನ್ನು ಜೆಸಿಬಿ ತಂದು ಕೆರೆದು ಹಾಕಿದರು. ಕೇಳಿದರೆ ಚಾಲಕ, “ಕಸ ತೆಗೆಯಲು ಹೇಳಿದ್ದಾರೆ, ಅವ್ವ” ಎಂದ. ಪ್ಲಾಸ್ಟಿಕ್ ಚೀಲಗಳು ಅಲ್ಲಿಯೇ ಬಿದ್ದಿದ್ದವು. ಅವು ಯಂತ್ರದ ಹಲ್ಲಿಗೆ ಸಿಗುವುದಿಲ್ಲವಂತೆ. ಎಕ್ಕೆಯ ಬೇರು ಗಟ್ಟಿ, ಮಳೆ ಬೀಳುತ್ತಲೂ ನಾಲ್ಕು ಬುಡ ಚಿಗುರಿದವು. ಆಸ್ಟಿನ್‌ನ ಆ ಉದ್ಯಾನದಲ್ಲಿ ಮಿಲ್ಕ್‌ವೀಡ್ ಇರುವ ಕಡೆ ಹುಲ್ಲು ಕತ್ತರಿಸಬೇಡಿ ಎಂದು ಮೊಣಕಾಲೆತ್ತರದ ಒಂದು ಫಲಕವಿತ್ತು. ಅಷ್ಟು ಸಣ್ಣ ಫಲಕಕ್ಕೆ ಟೆಂಡರ್ ಬೇಕಾಗಲಾರದು.

ಅಂದು ಗಾಡಿಯಲ್ಲಿ ಮಲಗಿದ್ದ ಮೊಮ್ಮಗಳಿಗೆ ಈಗ ಎಣಿಕೆ ಬರುತ್ತದೆ. ಅವಳ ಶಾಲೆಯಲ್ಲಿ ಬಲೆಯ ಪೆಟ್ಟಿಗೆಯೊಳಗೆ ಮೊನಾರ್ಕ್ ಹುಳ ಸಾಕುತ್ತಾರೆ. ಹದಿನೈದು ದಿನಗಳ ಹಿಂದೆ ವಿಡಿಯೊ ಕರೆಯಲ್ಲಿ ನಮ್ಮ ಹಿತ್ತಲಿನ ಹುಳ ತೋರಿಸಿದೆ. ಹತ್ತಿರ ತಾ, ಇನ್ನೂ ಹತ್ತಿರ ತಾ ಎಂದಳು. ಎಣಿಸಿದಳು. “ಅಜ್ಜಿ, ನಿನ್ನ ಮೊನಾರ್ಕ್‌ಗೆ ಎರಡು ಕೊಂಬು ತಪ್ಪಿ ಬಂದಿವೆ” ಎಂದಳು. ತಪ್ಪಿ ಬಂದದ್ದಲ್ಲ, ಅದು ಮೊನಾರ್ಕ್ ಅಲ್ಲವೇ ಅಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವಳ ಬಸ್ಸು ಬಂತು.

ಆ ಹುಳ ಗೇಟಿನ ಬಿಜಾಗರಿಯ ಪಕ್ಕದಲ್ಲಿ ಹಸಿರು ಕೋಶವಾಗಿ ನೇತಾಡುತ್ತಿತ್ತು. ಹಾಲಿನವನಿಗೂ ಪೇಪರಿನ ಹುಡುಗನಿಗೂ ಗೇಟು ಮುಟ್ಟಬೇಡಿ ಎಂದು ಹೇಳಿಟ್ಟಿದ್ದೆ. ನಿಮ್ಮ ಪತ್ರಿಕೆ ಎಂಟು ದಿನ ಕಂಪೌಂಡಿನ ಮೇಲಿಂದ ಒಳಗೆ ಬಿದ್ದದ್ದು ಅದಕ್ಕೇ. ಇಂದು ಬೆಳಿಗ್ಗೆ ಅದು ಹೊರಬಂತು. ಹಿಂದಿನ ರೆಕ್ಕೆಯಲ್ಲಿ ಮೂರು ಚುಕ್ಕಿ, ಹೆಣ್ಣು. ರೆಕ್ಕೆ ಒಣಗುವ ಮೊದಲು ತೆಗೆದ ಚಿತ್ರವನ್ನು ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ. ಕೈ ಸ್ವಲ್ಪ ಅಲುಗಿದೆ, ಚುಕ್ಕಿಗಳು ಮಾತ್ರ ಸರಿಯಾಗಿ ಬಂದಿವೆ.

ಇಂತಿ,
ನಿಮ್ಮ ನಿತ್ಯದ ಓದುಗರಲ್ಲಿ ಒಬ್ಬಳು,
ಮಾಳಮಡ್ಡಿ, ಧಾರವಾಡ